ಊರ ಹಳ್ಳದ ಸೇತುವೆಗೆ ಎಂಪಿ ಫಂಡ್ ಕೇಳೋದು ಹೇಗೆ

ನಿಮ್ಮೂರ ಹಳ್ಳಕ್ಕೆ ಒಂದು ಸಣ್ಣ ಸೇತುವೆ ಬೇಕಾ, ಎಂಪಿ ಫಂಡ್ ಕೇಳಿ, ಒಬ್ಬೊಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ಇರುತ್ತೆ, ಅದ್ರಲ್ಲಿ ಕನಿಷ್ಠ 15% ದುಡ್ಡು ಎಸ್‌ಸಿ ಜನ ಇರೋ ಕಡೆಗೆ, 7.5% ದುಡ್ಡು ಎಸ್‌ಟಿ ಜನ ಇರೋ ಕಡೆಗೆ ಹೋಗ್ಬೇಕು, ನಿಮ್ಮ ಕೇರಿ ಅದಕ್ಕೆ ಬರೋದಾದ್ರೆ ಅರ್ಜೀಲಿ ಮೊದಲನೇ ಸಾಲಲ್ಲೇ ಹೇಳ್ಬಿಡಿ. ಬರೀ "ಸೇತುವೆ ಮಾಡಿಕೊಡಿ" ಅಂದ್ರೆ ಸಾಲಲ್ಲ. ಮಳೆಗಾಲದಲ್ಲಿ ಮಕ್ಕಳು ಚಪ್ಪಲಿ ಕೈಲಿ ಹಿಡ್ಕೊಂಡು ಮೊಣಕಾಲುದ್ದ ಕೆಂಪು ನೀರಲ್ಲಿ ದಾಟೋ ಫೋಟೋ, ಗ್ರಾಮಸಭೆ ನಡಾವಳಿ, ಇಂಜಿನಿಯರ್ ಹತ್ರ ಮಾಡ್ಸಿದ ಅಂದಾಜು ಪಟ್ಟಿ, ಜಾಗ ಸರ್ಕಾರದ್ದೇ ಅನ್ನೋಕೆ ದಾಖಲೆ, ಇಷ್ಟೂ ಜೊತೇಲಿರ್ಲಿ. ಸಂಸದರು ಮಾಡೋದು ಶಿಫಾರಸು ಅಷ್ಟೇ, ಮಂಜೂರಾಗೋದು ಜಿಲ್ಲಾಡಳಿತದಲ್ಲಿ, ಹಾಗಾಗಿ ಶಿಫಾರಸು ಪತ್ರದ ಕಾಪಿ ಇಸ್ಕೊಂಡು, ನಂಬರ್ ತಾರೀಕು ಬರ್ಕೊಂಡು, ಡಿಸಿ ಆಫೀಸಲ್ಲಿ ಬಿಡದೆ ಫಾಲೋಅಪ್ ಮಾಡಿ.