ದಿನಕ್ಕೊಂದು ಪುಟ: ಲಾಕ್‌ಡೌನ್ ಕಾಲದ ಕರಡು ತಿದ್ದುವ ಹವ್ಯಾಸವನ್ನು ಉಳಿಸಿಕೊಳ್ಳುವ ಬಗೆ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಮೇಲೆ ಮನೆಯಲ್ಲೇ ಉಳಿದವರು ಹಿಡಿದ ಹವ್ಯಾಸಗಳು ಹಲವು. ಅವುಗಳಲ್ಲಿ ಕನ್ನಡಕ್ಕೆ ಬಹುಕಾಲ ಒದಗುವಂಥದ್ದು, ಯಾರು ಬೇಕಾದರೂ ಓದಬಹುದಾದ ಅಂತರ್ಜಾಲ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದುವ ಕೆಲಸ ಎಂದು ನಾನು ದೃಢವಾಗಿ ನಂಬಿದ್ದೇನೆ. ಆಗ ಇದನ್ನು ಆರಂಭಿಸಿ ಕೈಬಿಟ್ಟವರೂ ಈಗ ಹೊಸದಾಗಿ ತೊಡಗುವವರೂ ಒಂದೇ ಕ್ರಮವನ್ನು ಅನುಸರಿಸಬಹುದು.

ಮೊದಲು ಸದಸ್ಯರಾಗಿ ಖಾತೆ ತೆರೆಯಿರಿ. ತಿದ್ದಲು ಒಂದು ಪುಟವನ್ನು ತೆರೆದಾಗ ಒಂದು ಬದಿಯಲ್ಲಿ ಸ್ಕ್ಯಾನ್ ಮಾಡಿದ ಮುದ್ರಿತ ಪುಟವೂ ಇನ್ನೊಂದು ಬದಿಯಲ್ಲಿ ಅದರ ಪಠ್ಯವೂ ಕಾಣುತ್ತವೆ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವು ಆ ಪಠ್ಯವನ್ನು ಒದಗಿಸಿರುತ್ತದೆ. ಎರಡನ್ನೂ ಸಾಲುಸಾಲಾಗಿ ಹೋಲಿಸಿ ತಿದ್ದುವುದೇ ಕೆಲಸ. ಫೋನಿನ ಪುಟ್ಟ ಪರದೆಯ ಮೇಲೆ ಇದು ಕಣ್ಣಿಗೆ ಶ್ರಮವಾದ್ದರಿಂದ ಲ್ಯಾಪ್‌ಟಾಪ್ ಬಳಸುವುದು ಒಳ್ಳೆಯದು.

ಹೊಸ ಪುಸ್ತಕವೊಂದನ್ನು ಸೇರಿಸುವ ಆಸೆಯಿದ್ದರೆ ಹಕ್ಕುಸ್ವಾಮ್ಯವನ್ನು ಮೊದಲೇ ನೋಡಿಕೊಳ್ಳಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ನಿಧನರಾದ ಎಂ. ಗೋವಿಂದ ಪೈ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಮುಕ್ತವಾದದ್ದು ಈ ಲೆಕ್ಕದಿಂದಲೇ. ಮರಣಾನಂತರ ಮೊದಲ ಬಾರಿ ಪ್ರಕಟವಾದ ಕೃತಿಗಳಿಗೆ ಪ್ರಕಟವಾದ ಮರುವರ್ಷದ ಆರಂಭದಿಂದ ಎಣಿಸಬೇಕು. ಬೇರೆಯವರು ಬರೆದ ಮುನ್ನುಡಿಗೆ ಅವರ ಹಕ್ಕೇ ಪ್ರತ್ಯೇಕ.

ನಿಜವಾದ ತಾಳ್ಮೆ ಬೇಕಾಗುವುದು ಅಕ್ಷರಗಳಲ್ಲಿ. ಮಾಸಿದ ಮುದ್ರಣದಲ್ಲಿ ಅಡಿಯ ಸಣ್ಣ ಗೀಟು ಅಳಿಸಿಹೋದರೆ ತಂತ್ರಾಂಶವು 'ಧನ'ವನ್ನು 'ದನ' ಎಂದು ಓದುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಪದಪರೀಕ್ಷಕಕ್ಕೆ ಇದು ಸಿಗುವುದಿಲ್ಲ, ವಾಕ್ಯದ ಅರ್ಥ ಹಿಡಿದು ಓದುವ ಮನುಷ್ಯರಿಗೆ ಮಾತ್ರ ಸಿಗುತ್ತದೆ. ಪ ಮತ್ತು ವ, ಪ ಮತ್ತು ಷ, ಬ ಮತ್ತು ಭ ಇವುಗಳನ್ನೂ ಹೀಗೆಯೇ ಗಮನಿಸಿ. ದೀರ್ಘ ಮತ್ತು ಒತ್ತಕ್ಷರ ಬಿಟ್ಟುಹೋಗಿವೆಯೇ ಎಂದು ನೋಡಿ. ಎಲ್ಲಕ್ಕಿಂತ ಮೋಸಗೊಳಿಸುವುದು ಅನುಸ್ವಾರ. ಅದರ ಜಾಗದಲ್ಲಿ ಅದನ್ನೇ ಹೋಲುವ ಕನ್ನಡ ಅಂಕಿಯ ಸೊನ್ನೆ (೦) ಕುಳಿತಿದ್ದರೆ 'ಬಂದನು' ಎಂಬುದು ಕಣ್ಣಿಗೆ ಸರಿಯಾಗಿಯೇ ಕಂಡರೂ ಹುಡುಕಿದಾಗ ಸಿಗುವುದಿಲ್ಲ. ಆದ್ದರಿಂದ ಕೆಲಸ ಶುರುಮಾಡುವಾಗಲೇ ಈ ಅಂಕಿಯ ಸೊನ್ನೆಗಳನ್ನೆಲ್ಲ ಹುಡುಕಿ, ಸಂಖ್ಯೆಗಳಲ್ಲಿ ಇರುವುದನ್ನು ಬಿಟ್ಟು ಉಳಿದವನ್ನು ಅನುಸ್ವಾರವಾಗಿ ಬದಲಿಸಿಕೊಳ್ಳಿ. ಸಾಲಿನ ಕೊನೆಯಲ್ಲಿ ತುಂಡಾದ ಪದಗಳನ್ನು ಕೂಡಿಸಿ. ಆದರೆ ಹಳೆಯ ಕಾಗುಣಿತವನ್ನು ಇಂದಿನ ರೂಢಿಗೆ ತರಬೇಡಿ. ಹಳಗನ್ನಡದ ಅಕ್ಷರಗಳಾದ ೞ ಮತ್ತು ಱ ಅಚ್ಚಾಗಿದ್ದರೆ ಹಾಗೆಯೇ ಉಳಿಯಲಿ, ಏಕೆಂದರೆ ಆ ಪುಸ್ತಕದ ಕಾಲವನ್ನು ಅರಿಯಲು ಬರುವವರಿಗೆ ಬೇಕಾದದ್ದು ಅದೇ.

ತಿದ್ದಿ ಮುಗಿದ ಪುಟಕ್ಕೆ, ಕರಡು ತಿದ್ದಲಾಗಿದೆ ಎಂದು ಸೂಚಿಸುವ ಹಳದಿ ಗುರುತು ಹಾಕಿ ಉಳಿಸಬೇಕು. ಮತ್ತೊಬ್ಬ ಸದಸ್ಯರು ಪರಿಶೀಲಿಸಿದ ಬಳಿಕವೇ ಅದು ಹಸಿರಾಗುತ್ತದೆ. ತಾನು ತಿದ್ದಿದ್ದನ್ನು ತಾನೇ ಹಸಿರು ಮಾಡಲು ಬರುವುದಿಲ್ಲ. ಈ ಎರಡನೆಯ ಓದು ಬಹಳ ಅಮೂಲ್ಯವಾದದ್ದು. ಹೊಸಬರು ಇಲ್ಲಿಂದಲೇ ಆರಂಭಿಸಿದರೆ ಅನುಭವಿಗಳ ತಿದ್ದುಪಡಿಯ ರೀತಿಯೂ ತಿಳಿಯುತ್ತದೆ.

ಕಚೇರಿ, ಪ್ರಯಾಣಗಳ ನಡುವೆ ಲಾಕ್‌ಡೌನ್ ದಿನಗಳ ಬಿಡುವನ್ನು ನಿರೀಕ್ಷಿಸಬೇಡಿ. ದಿನಕ್ಕೊಂದು ಪುಟ, ಅದೂ ರಾತ್ರಿ ಊಟಕ್ಕೆ ಮುಂಚೆ ಎಂದು ಗೊತ್ತುಮಾಡಿಕೊಳ್ಳಿ; ದೊಡ್ಡ ಗ್ರಂಥಕ್ಕಿಂತ ನೂರು ಪುಟದೊಳಗಿನ ಪುಸ್ತಕವನ್ನು ಆರಿಸಿ, ಇಬ್ಬರು ಸ್ನೇಹಿತರು ಸೇರಿ ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡುವಂತೆ ಹಂಚಿಕೊಳ್ಳಿ. ದಣಿದ ದಿನ ಬಿಟ್ಟುಬಿಡಿ, ಅರೆನಿದ್ದೆಯ ಕಣ್ಣು ಹೊಸ ತಪ್ಪುಗಳನ್ನೇ ಸೇರಿಸುತ್ತದೆ. ಪುಟ ಹರಿದು ಅಥವಾ ಹುಳು ತಿಂದು ಅಕ್ಷರ ಕಾಣದಿದ್ದರೆ ಊಹಿಸಿ ತುಂಬದೆ, ಸಮಸ್ಯೆಯಿದೆ ಎಂದು ಸೂಚಿಸುವ ನೀಲಿ ಗುರುತನ್ನು ಹಾಕಿ ಮುಂದಿನ ಪುಟಕ್ಕೆ ಹೋಗಿ. ಅದೇ ಮುದ್ರಣದ ಒಳ್ಳೆಯ ಪ್ರತಿ ಬೇರೆ ಗ್ರಂಥಾಲಯದಲ್ಲಿ ಸಿಕ್ಕವರು ಅದನ್ನು ಪೂರ್ಣಗೊಳಿಸಬಹುದು.