ಹೊಸ ಪ್ರೊಸೆಸರ್ ಹಾಕಿದೆ, ಸ್ಕ್ರೀನ್ ಮಾತ್ರ ಕಪ್ಪು

ನನ್ನ ಕಂಪ್ಯೂಟರ್‌ನಲ್ಲಿ ರೈಜನ್ 5 2600 ಪ್ರೊಸೆಸರ್ ಇತ್ತು, ಬಿ450 ಮದರ್‌ಬೋರ್ಡ್. ಪ್ರೊಸೆಸರ್ ಕೂರುವ ಸಾಕೆಟ್ ಅದೇ ಎಎಂ4 ಅಲ್ವಾ, ಬೋರ್ಡ್ ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಕು ಅಂತ 2022ರಲ್ಲಿ ಬಂದ ರೈಜನ್ 5 5600 ತಂದು ಹಾಕಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಕಪ್ಪು.

ರ‍್ಯಾಮ್ ತೆಗೆದು ಹಾಕಿದೆ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿದೆ, ಸುಮ್ನೆ ಎರಡು ಗಂಟೆ ಹೋಯಿತು. ಮಾನಿಟರ್ ಕೇಬಲ್ ಅನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಬೋರ್ಡಿಗೇ ಚುಚ್ಚಿ ನೋಡಿದ್ದು ಬೇರೆ! ಅಲ್ಲಿಂದ ಚಿತ್ರ ಬರಬೇಕಾದರೆ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರಬೇಕು, 5600ರಲ್ಲಿ ಅದು ಇಲ್ಲವೇ ಇಲ್ಲ, ಅದು ಬೇಕಿದ್ದರೆ 5600ಜಿ ತಗೋಬೇಕಿತ್ತು. ಆಮೇಲೆ ಹೊಳೆಯಿತು: ಬೋರ್ಡಿನ ಬಯಾಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಹಳೆಯದು, ಅದಕ್ಕೆ ಹೊಸ ಪ್ರೊಸೆಸರ್ ಗುರುತೇ ಸಿಗುತ್ತಿಲ್ಲ.

ಹಳೇ 2600 ವಾಪಸ್ ಹಾಕಿದೆ. ಬೋರ್ಡಿನ ಮಾಡೆಲ್‌ಗೆ ಸರಿಯಾದ ಬಯಾಸ್ ಫೈಲ್ ಇಳಿಸಿ, ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್ ಒಳಗಿಂದಲೇ ಅಪ್‌ಡೇಟ್ ಮಾಡಿದೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು ಅಂತ ಅಷ್ಟೂ ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದೆ.

ಇನ್ನೊಂದು ಮಾತು. ಪ್ರೊಸೆಸರ್ ಮೇಲಿನ ಕೂಲರ್ ಅನ್ನು ಸೀದಾ ಮೇಲಕ್ಕೆ ಎಳೆಯಬೇಡಿ. ಎರಡರ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಗಟ್ಟಿಯಾಗಿದ್ದರೆ ಪ್ರೊಸೆಸರ್ ಕೂಡ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ನನಗೆ ಬಂತು, ಒಂದು ಪಿನ್ ಸೊಟ್ಟಗಾಗಿತ್ತು. ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ನೇರ ಮಾಡಿದೆ. ಮುಂದಿನ ಸಲ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿದ ಮೇಲೆ ಕೂಲರ್ ಅನ್ನು ಸ್ವಲ್ಪ ತಿರುಚಿ ತೆಗೆದೆ, ಸಲೀಸಾಗಿ ಬಂತು. 5600 ಈಗ ಮೊದಲ ಸಲಕ್ಕೇ ಬೂಟ್ ಆಯಿತು.