ಫಾರ್ಮ್‌ನಲ್ಲಿ ಬರೆದದ್ದು ನಿಮ್ಮ ಇನ್‌ಬಾಕ್ಸ್‌ಗೆ ಬರಬೇಕಾದರೆ

ಚಿತ್ರದುರ್ಗದ ಕೋಟೆ ತೋರಿಸುವ ಗೈಡ್ ಒಬ್ಬರು ಸ್ವಂತ ವೆಬ್‌ಸೈಟ್ ಮಾಡಿಕೊಂಡಿದ್ದಾರೆ ಅಂದುಕೊಳ್ಳಿ. ಯಾರೋ ಸಂಪರ್ಕ ಪುಟಕ್ಕೆ ಬಂದು, "ಭಾನುವಾರ ಆರು ಜನ ಬರ್ತೀವಿ, ಓಬವ್ವನ ಕಿಂಡಿ ನೋಡಿ ಮೇಲೆ ಹತ್ತೋಕೆ ಎಷ್ಟು ಹೊತ್ತು ಹಿಡಿಯುತ್ತೆ?" ಅಂತ ಬರೆದು ಬಟನ್ ಒತ್ತುತ್ತಾರೆ. ಪರದೆಯಲ್ಲಿ "ಸಂದೇಶ ಕಳುಹಿಸಲಾಗಿದೆ" ಅಂತಲೂ ಬರುತ್ತದೆ. ಗೈಡ್‌ಗೆ ಮಾತ್ರ ಮೇಲ್ ಬಂದಿರುವುದಿಲ್ಲ. ಫಾರ್ಮ್ ಕಟ್ಟುವುದು ಅರ್ಧ ಗಂಟೆಯ ಕೆಲಸ. ಹೊರಟ ಮೇಲ್ ದಾರಿ ತಪ್ಪದ ಹಾಗೆ ನೋಡಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಬೇಕು.

ಮೊದಲು ನಿಮ್ಮ ಹೋಸ್ಟಿಂಗ್, ಅಂದರೆ ವೆಬ್‌ಸೈಟ್ ಇಟ್ಟಿರುವ ಸರ್ವರ್ ಸೇವೆ, ಎಂಥದ್ದು ನೋಡಿಕೊಳ್ಳಿ. ಸಿದ್ಧ ಪುಟಗಳನ್ನಷ್ಟೇ ತೋರಿಸುವ ಗಿಟ್‌ಹಬ್ ಪೇಜಸ್‌ನಂಥ ಕಡೆ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಓಡುವುದಿಲ್ಲ. ಅಲ್ಲಿ ಫಾರ್ಮ್‌ನಲ್ಲಿ ಬರೆದದ್ದನ್ನು ಮೇಲ್ ಮಾಡಿಕೊಡುವ ಫಾರ್ಮ್‌ಸ್ಪ್ರೀ ತರಹದ ಸೇವೆ ಬಳಸಬೇಕು, ಇಲ್ಲವೇ ಗೂಗಲ್ ಫಾರ್ಮ್ಸ್ ಅಂಟಿಸಬೇಕು. ಗೂಗಲ್ ಫಾರ್ಮ್ಸ್ ತಾನಾಗಿಯೇ ಮೇಲ್ ಕಳಿಸುವುದಿಲ್ಲ. ‘ರೆಸ್ಪಾನ್ಸಸ್’ ಟ್ಯಾಬ್‌ನ ಮೂರು ಚುಕ್ಕೆ ಒತ್ತಿ, ಹೊಸ ಉತ್ತರ ಬಂದಾಗ ಇಮೇಲ್ ಕಳಿಸುವ ಆಯ್ಕೆಯನ್ನು ಆನ್ ಮಾಡಬೇಕು. ಇಷ್ಟು ಸಾಕು ಅನ್ನುವವರು ನೇರವಾಗಿ ಕೊನೆಯ ಪರೀಕ್ಷೆ ಭಾಗಕ್ಕೆ ಹೋಗಬಹುದು. ಮುಂದಿನದು ಸಿ-ಪ್ಯಾನೆಲ್ (ಹೋಸ್ಟಿಂಗ್ ನಿಯಂತ್ರಿಸುವ ಪುಟ), ಪಿಎಚ್‌ಪಿ ಇರುವ ಮಾಮೂಲಿ ಹೋಸ್ಟಿಂಗ್ ತೆಗೆದುಕೊಂಡವರಿಗೆ.

ಫಾರ್ಮ್‌ನಲ್ಲಿ ಏನಿರಬೇಕು

ಹೆಸರು, ಮೊಬೈಲ್, ಇಮೇಲ್, ಸಂದೇಶ: ನಾಲ್ಕು ಖಾನೆ ಸಾಕು. ಊರು, ಪಿನ್‌ಕೋಡ್ ಅಂತ ಕೇಳುತ್ತಾ ಹೋದರೆ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆಯ ಗಿರಾಕಿಗಳಲ್ಲಿ ಇಮೇಲ್ ತೆರೆದು ನೋಡುವ ರೂಢಿಯೇ ಇಲ್ಲದವರೂ ಇರುತ್ತಾರೆ. ಹಾಗಾಗಿ ಇಮೇಲ್ ಕಡ್ಡಾಯ ಮಾಡಬೇಡಿ. ಮೊಬೈಲ್, ಇಮೇಲ್ ಎರಡರಲ್ಲಿ ಒಂದು ಇದ್ದರೆ ಸಾಕು ಅಂತ ಬರೆಯಿರಿ.

ಪುಟದ ಎಚ್‌ಟಿಎಂಎಲ್ ಕೋಡ್‌ನಲ್ಲಿ ಫಾರ್ಮ್ ಟ್ಯಾಗ್‌ನ ಮೆಥಡ್ (ಕಳಿಸುವ ವಿಧಾನ) ‘ಪೋಸ್ಟ್’ ಇರಲಿ. ‘ಗೆಟ್’ ಇದ್ದರೆ ಬರೆದದ್ದೆಲ್ಲ ಬ್ರೌಸರ್‌ನ ಮೇಲ್ಗಡೆಯ ವಿಳಾಸ ಪಟ್ಟಿಯಲ್ಲಿ ಬಟಾಬಯಲು. ಪ್ರತಿ ಖಾನೆಗೂ ‘ನೇಮ್’ ಕೊಟ್ಟಿದ್ದೀರಾ ನೋಡಿ. ‘ಐಡಿ’ ಮಾತ್ರ ಕೊಟ್ಟು ‘ನೇಮ್’ ಮರೆತರೆ ಆ ಖಾನೆಯಲ್ಲಿ ಬರೆದದ್ದು ಸರ್ವರ್‌ಗೆ ಹೋಗುವುದೇ ಇಲ್ಲ, ದೋಷವೂ ಕಾಣುವುದಿಲ್ಲ. ಖಾಲಿ ಮೇಲ್ ಬರುತ್ತಿದ್ದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ. ಮೊಬೈಲ್ ಖಾನೆಯ ಟೈಪ್ ‘ಟೆಲ್’ ಇರಲಿ. ‘ನಂಬರ್’ ಕೊಟ್ಟರೆ +91 ಹಾಕಿ ಬರೆದವರ ಸಂಖ್ಯೆ ಸರಿಯಾಗಿ ಬರುವುದಿಲ್ಲ. ಸರ್ವರ್ ಕಡೆ ಖಾಲಿ ಜಾಗ, ಅಡ್ಡಗೆರೆ ತೆಗೆದು, ಕನ್ನಡ ಅಂಕಿ ಇದ್ದರೆ ಬದಲಿಸಿ, ಕೊನೆಯ 10 ಅಂಕಿ ಇಟ್ಟುಕೊಳ್ಳಿ.

ಇನ್ನು ಕನ್ನಡದ ವಿಷಯ. ‘ಚಿತ್ರದುರ್ಗ’ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಎಲ್ಲ ಭಾಷೆಗೂ ಬಳಸುವ ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆಯಾಗಿ 10 ಚಿಹ್ನೆ. ಒಂದೊಂದಕ್ಕೂ 3 ಬೈಟ್, ಒಟ್ಟು 30. ಹೆಸರಿಗೆ ‘ಮ್ಯಾಕ್ಸ್‌ಲೆಂತ್’ (ಚಿಹ್ನೆಗಳ ಮಿತಿ) 20 ಅಂತ ಹಾಕಿದರೆ ಇಂಗ್ಲಿಷಿನಲ್ಲಿ ಬರೆದವರು ಪಾರಾಗುತ್ತಾರೆ, ಕನ್ನಡದಲ್ಲಿ ಬರೆದವರ ಹೆಸರು ಮಧ್ಯದಲ್ಲೇ ನಿಲ್ಲುತ್ತದೆ. 100 ಇಡಿ. ಪಿಎಚ್‌ಪಿಯ ‘ಸ್ಟ್ರ್‌ಲೆನ್’ ಎಣಿಸುವುದು ಬೈಟ್‌ಗಳನ್ನು; ‘ಎಂಬಿ’ ಅಂತ ಶುರುವಾಗುವ ಅದರ ಜೋಡಿ ಫಂಕ್ಷನ್ ಬಳಸಿ. ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುವ ಪ್ಯಾಟರ್ನ್ ಅನ್ನು ಎಲ್ಲಿಂದಲೋ ನಕಲು ಮಾಡಿ ಹೆಸರಿನ ಖಾನೆಗೆ ಹಾಕಿದ್ದರೆ ಕಿತ್ತುಹಾಕಿ. ಕನ್ನಡ ವೆಬ್‌ಸೈಟು ಕನ್ನಡದ ಹೆಸರನ್ನೇ ‘ತಪ್ಪು’ ಅಂದರೆ ಹೇಗೆ?

ಮೇಲ್ ಯಾರ ಹೆಸರಲ್ಲಿ ಹೊರಡಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಬರೆದವರ ಇಮೇಲ್ ವಿಳಾಸವನ್ನೇ ‘ಫ್ರಮ್’ನಲ್ಲಿ ತುಂಬಿಬಿಡುತ್ತಾರೆ. ಜಿಮೇಲ್ ವಿಳಾಸ ಹೊತ್ತ ಮೇಲ್ ನಿಮ್ಮ ಹೋಸ್ಟಿಂಗ್ ಸರ್ವರ್‌ನಿಂದ ಹೊರಟರೆ, ತೆಗೆದುಕೊಳ್ಳುವ ಕಡೆಯವರಿಗೆ ಅದು ಬೇರೆಯವರ ಲೆಟರ್‌ಹೆಡ್‌ನಲ್ಲಿ ಬರೆದ ಕಾಗದದ ಹಾಗೆ ಕಾಣುತ್ತದೆ. ಸ್ಪ್ಯಾಮ್‌ಗೆ ಹಾಕುತ್ತಾರೆ, ಇಲ್ಲವೇ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ. ‘ಫ್ರಮ್’ನಲ್ಲಿ ನಿಮ್ಮ ಡೊಮೇನ್‌ನದೇ ವಿಳಾಸವಿರಲಿ, ಬರೆದವರ ವಿಳಾಸ ‘ರಿಪ್ಲೈ-ಟು’ನಲ್ಲಿರಲಿ. ನೀವು ರಿಪ್ಲೈ ಒತ್ತಿದಾಗ ಉತ್ತರ ಅವರಿಗೇ ಹೋಗುತ್ತದೆ.

ಪಿಎಚ್‌ಪಿಯ ‘ಮೇಲ್’ ಫಂಕ್ಷನ್ ‘ಟ್ರೂ’ ಅಂದರೆ ಸರ್ವರ್ ಮೇಲನ್ನು ಕೈಗೆ ತೆಗೆದುಕೊಂಡಿತು ಅಂತ ಅಷ್ಟೇ, ಸೇರಿತು ಅಂತ ಅಲ್ಲ. ಅದರ ಬದಲು ಪಿಎಚ್‌ಪಿ-ಮೇಲರ್ ಅನ್ನುವ ಸಿದ್ಧ ಕೋಡ್ ಹಾಕಿಕೊಂಡು, ಎಸ್‌ಎಂಟಿಪಿ (ಮೇಲ್ ಕಳಿಸುವ ಮಾಮೂಲಿ ವಿಧಾನ) ಮೂಲಕ 587ನೇ ಪೋರ್ಟ್‌ನಲ್ಲಿ ಲಾಗಿನ್ ಆಗಿ ಕಳಿಸಿ. ಆಗ ತಪ್ಪಾದರೆ ಕಾರಣವೂ ಗೊತ್ತಾಗುತ್ತದೆ. ಜಿಮೇಲ್ ಖಾತೆಯಿಂದ ಕಳಿಸುವುದಾದರೆ ‘ಫ್ರಮ್’ ಆ ಖಾತೆಯದೇ ಆಗಿರಬೇಕು. ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ; ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಆ ಪಾಸ್‌ವರ್ಡ್ ಇರುವ ಫೈಲನ್ನು, ಹೊರಗಿನವರಿಗೆ ಕಾಣುವ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರ್‌ನ ಹೊರಗೆ ಇಡಿ.

ಪಿಎಚ್‌ಪಿ-ಮೇಲರ್‌ನ ‘ಕ್ಯಾರ್‌ಸೆಟ್’ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) ತಾನಾಗಿ ಯೂನಿಕೋಡ್‌ನ ಯುಟಿಎಫ್-8 ಇರುವುದಿಲ್ಲ, ನೀವೇ ಬರೆಯಬೇಕು. ಬರೆಯದಿದ್ದರೆ ಕನ್ನಡವೆಲ್ಲ ಕಲಸುಮೇಲೋಗರ: ತಲೆಯ ಮೇಲೆ ಓರೆಗೀಟಿರುವ ಸಣ್ಣ ಇಂಗ್ಲಿಷ್ ‘ಎ’ ಮೂರು ಚಿಹ್ನೆಗೊಮ್ಮೆ ತಪ್ಪದೆ ಬರುತ್ತದೆ. ಎಲ್ಲರ ಮೇಲ್ ಸರಿಯಾಗಿದ್ದು ಯಾರೋ ಒಬ್ಬರದು ಮಾತ್ರ ಗೋಜಲಾಗಿದ್ದರೆ, ಅವರು ಹಳೆಯ ನುಡಿ ಅಥವಾ ಬರಹದ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿರುವ ಸಾಧ್ಯತೆ ಹೆಚ್ಚು. ಅದು ಫಾರ್ಮ್‌ನ ತಪ್ಪಲ್ಲ. ಪರಿವರ್ತಕಕ್ಕೆ ಹಾಕಿದರೆ ಓದಲು ಸಿಗುತ್ತದೆ.

ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳ ಪಟ್ಟಿ) ಎಸ್‌ಪಿಎಫ್ ದಾಖಲೆ, ಅಂದರೆ ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಸಾಲು, ಒಂದೇ ಇರಬೇಕು. ಹೋಸ್ಟಿಂಗ್‌ನದೊಂದು, ಮೇಲ್ ಸೇವೆಯದೊಂದು ಅಂತ ಎರಡು ಸಾಲು ಹಾಕಿದರೆ ಎರಡೂ ಕೆಲಸಕ್ಕೆ ಬಾರದವಾಗುತ್ತವೆ; ಒಂದೇ ಸಾಲಿಗೆ ಸೇರಿಸಿ. ಮೇಲ್‌ಗೆ ಡೊಮೇನ್‌ನ ಡಿಜಿಟಲ್ ಸಹಿ ಹಾಕುವ ಡಿಕಿಮ್ ಕೂಡ ಆನ್ ಮಾಡಿ. ಫೆಬ್ರುವರಿ 2024ರಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಇವೆರಡರಲ್ಲಿ ಕನಿಷ್ಠ ಒಂದಾದರೂ ಇರಬೇಕು ಅನ್ನುವುದು ಗೂಗಲ್‌ನ ನಿಯಮ.

ಒಂದು ವಿಚಿತ್ರ ಕಾಯಿಲೆಯೂ ಇದೆ. ಫಾರ್ಮ್‌ನ ಮೇಲ್ ಬೇರೆಲ್ಲ ವಿಳಾಸಕ್ಕೂ ಹೋಗುತ್ತದೆ, ನಿಮ್ಮದೇ ಡೊಮೇನ್‌ನ ವಿಳಾಸಕ್ಕೆ ಮಾತ್ರ ಬರುವುದಿಲ್ಲ. ಮೇಲ್‌ಬಾಕ್ಸ್ ಬೇರೆ ಕಂಪನಿಯಲ್ಲಿದ್ದರೂ ಹೋಸ್ಟಿಂಗ್ ಸರ್ವರ್ ಅದನ್ನು ತನ್ನ ಮನೆಯದೇ ಅಂದುಕೊಂಡು ಒಳಗೇ ಹುಡುಕುತ್ತಿರುತ್ತದೆ. ಸಿ-ಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ನಲ್ಲಿ ‘ಲೋಕಲ್’ ತೆಗೆದು ‘ರಿಮೋಟ್’ ಮಾಡಿದರೆ ಸರಿಹೋಗುತ್ತದೆ.

ಕಸ ತಡೆಯುವುದು

ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಖಾನೆ ಇಡಿ. ಕಸದ ಸಂದೇಶ ಹಾಕುವ ಬಾಟ್‌ಗಳು (ತಾನಾಗಿ ಓಡುವ ಪ್ರೋಗ್ರಾಂಗಳು) ಅದನ್ನೂ ತುಂಬುತ್ತವೆ. ತುಂಬಿ ಬಂದದ್ದನ್ನು ಬಿಸಾಕಿ. ಆದರೆ ಅದಕ್ಕೆ ‘ಅಡ್ರೆಸ್’, ‘ಫೋನ್’ ಅಂತ ಹೆಸರಿಡಬೇಡಿ. ಬ್ರೌಸರ್ ತಾನೇ ತುಂಬಿಬಿಟ್ಟರೆ ನಿಜವಾದ ಗಿರಾಕಿಯ ಸಂದೇಶವೇ ಕಸಕ್ಕೆ ಹೋಗುತ್ತದೆ. ಆಟೊಕಂಪ್ಲೀಟ್ ಆಫ್ ಇರಲಿ, ಟ್ಯಾಬ್ ಒತ್ತಿದಾಗ ಕರ್ಸರ್ ಅಲ್ಲಿಗೆ ಹೋಗದಿರಲಿ. ಕಾಟ ಇನ್ನೂ ಮುಂದುವರಿದರೆ ಕ್ಯಾಪ್ಚಾ ಯೋಚಿಸಿ, ಮೊದಲೇ ಬೇಡ.

ಬಂದ ಪ್ರತಿ ಸಂದೇಶದ ಒಂದು ಪ್ರತಿ ಡೇಟಾಬೇಸ್‌ನಲ್ಲೋ ಹೊರಗಿನವರಿಗೆ ಸಿಗದ ಫೈಲ್‌ನಲ್ಲೋ ಉಳಿಯಲಿ. ಮೇಲ್ ಕೈಕೊಟ್ಟ ದಿನ ಕಾಪಾಡುವುದು ಅದೇ.

ಪರೀಕ್ಷೆ

ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ‘ಟೆಸ್ಟ್’ ಅಂತ ಬರೆದು ಬಂತು ಅಂದರೆ ಪರೀಕ್ಷೆ ಆದ ಹಾಗಲ್ಲ. ವೈ-ಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಫೋನ್‌ನಿಂದ ಕಳಿಸಿ, ಬೇರೆಯವರ ಇಮೇಲ್ ವಿಳಾಸ ಕೊಟ್ಟು. ಹೆಸರು ಕನ್ನಡದಲ್ಲಿರಲಿ, ಸಂದೇಶದಲ್ಲಿ ಎರಡು ಪ್ಯಾರಾ ಇರಲಿ, ಒಂದು ಇಮೋಜಿಯೂ ಇರಲಿ. ಆಮೇಲೆ ಬರೀ ಮೊಬೈಲ್ ನಂಬರ್ ಕೊಟ್ಟು ಒಂದು, ಎರಡನ್ನೂ ಬಿಟ್ಟು ಒಂದು. ಎರಡನೆಯದು ತಿರಸ್ಕೃತವಾಗಬೇಕು, ಬರೆದ ಸಂದೇಶ ಮಾತ್ರ ಖಾನೆಯಲ್ಲೇ ಉಳಿದಿರಬೇಕು. ಬಟನ್ ಎರಡು ಸಲ ಒತ್ತಿ ನೋಡಿ. ಎರಡು ಮೇಲ್ ಬಂದರೆ ಮೊದಲ ಒತ್ತಿಗೇ ಬಟನ್ ನಿಷ್ಕ್ರಿಯವಾಗುವ ಹಾಗೆ ಮಾಡಿ. ಧನ್ಯವಾದದ ಪುಟವನ್ನು ರಿಫ್ರೆಶ್ ಮಾಡಿದಾಗ ಮತ್ತೆ ಬಂದರೆ, ಕಳಿಸಿದ ನಂತರ ಬೇರೆ ಪುಟಕ್ಕೆ ರಿಡೈರೆಕ್ಟ್ ಮಾಡುವುದನ್ನು ಬಿಟ್ಟಿದ್ದೀರಿ.

ಮೇಲ್ ಬಂದ ಮೇಲೆ ಜಿಮೇಲ್‌ನ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ತೆರೆಯಿರಿ. ಮೇಲ್ಗಡೆಯೇ ಎಸ್‌ಪಿಎಫ್, ಡಿಕಿಮ್ ಎದುರು ‘ಪಾಸ್’ ಇರಬೇಕು. ಸ್ಪ್ಯಾಮ್‌ಗೆ ಬಿದ್ದಿದ್ದರೆ ‘ಸ್ಪ್ಯಾಮ್ ಅಲ್ಲ’ ಒತ್ತಿ ಕೈತೊಳೆದುಕೊಳ್ಳಬೇಡಿ, ಇಲ್ಲಿ ಬಂದು ಕಾರಣ ನೋಡಿ. ಕೊನೆಗೆ ರಿಪ್ಲೈ ಒತ್ತಿ, ‘ಟು’ನಲ್ಲಿ ಯಾರ ವಿಳಾಸ ಬಂತು ಅಂತ ಗಮನಿಸಿ. ನಿಮ್ಮದೇ ಬಂದಿದ್ದರೆ ‘ರಿಪ್ಲೈ-ಟು’ ಸಾಲು ತಪ್ಪಿದೆ. ಹೋಸ್ಟಿಂಗ್ ಬದಲಿಸಿದಾಗ, ಪಿಎಚ್‌ಪಿ ಆವೃತ್ತಿ ಏರಿಸಿದಾಗ, ಜಿಮೇಲ್ ಪಾಸ್‌ವರ್ಡ್ ಬದಲಿಸಿದಾಗ ಇದನ್ನೆಲ್ಲ ಮತ್ತೊಮ್ಮೆ ಮಾಡಿ. ಪಾಸ್‌ವರ್ಡ್ ಬದಲಾದರೆ ಹಳೆಯ ಆ್ಯಪ್ ಪಾಸ್‌ವರ್ಡ್ ರದ್ದಾಗಿರುತ್ತದೆ.